ಬೇಲಿಯ ಆಚೆ ಹೆದ್ದಾರಿ: ಕೆ.ಜಿ.ಎಫ್.ನ ಒಂದು ಕುಟುಂಬದ ಪ್ರಕರಣ ಅಧ್ಯಯನ

ಕೋಲಾರ ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿ ನಾನು ಹದಿನಾಲ್ಕು ವರ್ಷ ಕಳೆದಿದ್ದೇನೆ. ಇಲ್ಲಿ ಹೇಳುತ್ತಿರುವುದು ಆ ಸಂಘಗಳಲ್ಲಿ ಒಂದರ ಸದಸ್ಯೆಯ ಕುಟುಂಬದ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಬಡಾವಣೆ, ಮಕ್ಕಳ ವಿವರ ಬಿಟ್ಟಿದ್ದೇನೆ. ಮನೆಮಂದಿಯನ್ನು ಅತ್ತೆ, ಮಗ, ಸೊಸೆ ಎಂದಷ್ಟೇ ಕರೆಯುತ್ತೇನೆ. ಸಾಲದ ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ತಂದಿದ್ದೇನೆ. ಈ ಕುಟುಂಬ ಮಾಡಿದ ಮೊದಲ ಸಾಲಕ್ಕೆ ಸಂಘದಲ್ಲಿ ಶಿಫಾರಸು ಬರೆದವಳು ನಾನೇ ಎಂಬುದನ್ನೂ ಮೊದಲಿಗೇ ಹೇಳಿಬಿಡಬೇಕು, ಏಕೆಂದರೆ ಮುಂದೆ ನಡೆದದ್ದರಲ್ಲಿ ಆ ಶಿಫಾರಸಿನ ಪಾಲೂ ಇದೆ.

ಹಿನ್ನೆಲೆ

ಕೋಲಾರ ಚಿನ್ನದ ಗಣಿಯಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಆರಂಭಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಬೆಂಗಳೂರಿಗಿಂತ ಮೊದಲು ಈ ಊರಿಗೆ. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಎಂಟುನೂರು ಟನ್‌ಗೂ ಹೆಚ್ಚು ಚಿನ್ನ ಹೊರಗೆ ಹೋಯಿತು. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿ, ಟನ್ ಅದಿರಿನಲ್ಲಿ ಸಿಗುವ ಚಿನ್ನ ಕಡಿಮೆಯಾಗುತ್ತ ಬಂದು, ಕೊನೆಗೆ 2001ರ ಫೆಬ್ರವರಿ 28ರಂದು, ಆಗ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಆ ದಿನ ಹಾಜರಿ ಪುಸ್ತಕದಲ್ಲಿದ್ದವರು ಸುಮಾರು ಮೂರೂವರೆ ಸಾವಿರ ಮಂದಿ. ಅವರ ಸಂಬಳದ ಮೇಲೆ ನಿಂತಿದ್ದ ಅಂಗಡಿ, ಹೋಟೆಲು, ಟೈಲರು, ಗಿರವಿ ಅಂಗಡಿಗಳ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ.

ಈ ಪ್ರಕರಣವನ್ನು ಅರಿಯಲು ಮುಖ್ಯವಾದ ಇನ್ನೊಂದು ಸಂಗತಿ ಇದೆ. ಗಣಿ ಕಾರ್ಮಿಕರ ವಸತಿಗಳು ಕಂಪನಿಯ ನೆಲದ ಮೇಲೆ ಕಂಪನಿಯೇ ಕಟ್ಟಿಸಿದ ಸಾಲು ಮನೆಗಳು. ಇಲ್ಲಿಯವರು ಅವನ್ನು ‘ಲೈನ್’ ಎನ್ನುತ್ತಾರೆ. ತಮಿಳುನಾಡಿನ ಉತ್ತರ ಆರ್ಕಾಟ್ ಕಡೆಯಿಂದ ಬಂದ, ಬಹುಪಾಲು ದಲಿತರಾದ ಈ ಕುಟುಂಬಗಳು ಮೂರು ನಾಲ್ಕು ತಲೆಮಾರು ಅದೇ ಮನೆಯಲ್ಲಿ ಹುಟ್ಟಿ ಅದೇ ಮನೆಯಲ್ಲಿ ಮುದಿಯಾಗಿದ್ದಾರೆ. ಆದರೂ ಬ್ಯಾಂಕಿನ ಮುಂದಿಡಲು ಅವರಲ್ಲಿ ಅನೇಕರ ಬಳಿ ಒಂದು ಹಕ್ಕುಪತ್ರವಿಲ್ಲ. ನಾನು ಹೇಳುವ ಮನೆಯೂ ಅಂಥದ್ದೇ. ಎರಡು ಕೋಣೆ, ಮುಂದೆ ತಗಡಿನ ಇಳಿಜಾರು, ಹಿಂದೆ ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಆ ಪುಡಿ ಬೇಸಗೆಯ ಗಾಳಿಗೆ ಎದ್ದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಬಿಳಿ ಬಟ್ಟೆಯನ್ನು ಆ ಮನೆಯವರು ಹೊರಗೆ ಹರವುವುದಿಲ್ಲ.

ಮನೆಯ ಯಜಮಾನರು ಇಪ್ಪತ್ತೇಳು ವರ್ಷ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಗಣಿ ಮುಚ್ಚಿದಾಗ ಬಂದ ಪರಿಹಾರದಲ್ಲಿ ಒಂದು ಪಾಲು ಮಗಳ ಮದುವೆಗೆ, ಒಂದು ಪಾಲು ಹಳೆಯ ಸಾಲಕ್ಕೆ ಹೋಯಿತು; ಉಳಿದದ್ದರಲ್ಲಿ ಅವರು ಕಾದರು. ಗಣಿ ಮತ್ತೆ ತೆರೆಯುತ್ತದೆ, ಕೆಲಸ ಬಲ್ಲವರನ್ನು ಮೊದಲು ಕರೆಯುತ್ತಾರೆ ಎಂದು ಅವರು ನಂಬಿದ್ದರು. ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಪ್ರಕರಣ ನಡೆಯುತ್ತಿತ್ತು. ಪ್ರತಿ ಚುನಾವಣೆಯಲ್ಲೂ ಆ ಮಾತು ಮರಳಿ ಬರುತ್ತಿತ್ತು. ಜಾಗತಿಕ ಟೆಂಡರ್ ಕರೆಯಬಹುದೆಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಹೇಳಿದಾಗ ಅವರ ಉಸಿರಾಟ ಆಗಲೇ ಕೆಟ್ಟಿತ್ತು. ಮರುವರ್ಷ ಶ್ವಾಸಕೋಶದ ಕಾಯಿಲೆಯಲ್ಲೇ ತೀರಿಕೊಂಡರು. ಹನ್ನೆರಡು ವರ್ಷ ಅವರು ಬೇರೆ ಯಾವ ಕೆಲಸವನ್ನೂ ಹಿಡಿದು ನಿಲ್ಲಲಿಲ್ಲ ಎಂಬ ಮಾತು ಈ ಪ್ರಕರಣದ ಕೊನೆಯಲ್ಲಿ ಮತ್ತೆ ಬರುತ್ತದೆ.

ಮನೆಯನ್ನು ನಡೆಸಿದ್ದು ರೈಲು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮೊದಲೇ ತುಂಬಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ಗಾಡಿಗಳಲ್ಲಿ ಈ ಊರಿನ ಸಾವಿರಾರು ಮಂದಿ ದಿನವೂ ದುಡಿಯಲು ಹೋಗಿಬರುತ್ತಾರೆ. ಮಗ 2003ರಿಂದ ಅದೇ ರೈಲಿನವನು. ಮೊದಲು ಕಾವಲುಗಾರ, ಆಮೇಲೆ ವೈಟ್‌ಫೀಲ್ಡ್ ಕಡೆಯ ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕ. ನಸುಕಿನ ನಾಲ್ಕೂಮುಕ್ಕಾಲಿಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ವಾಪಸು. 2020ರ ಮಾರ್ಚ್‌ನಲ್ಲಿ ರೈಲು ನಿಂತಾಗ ಈ ಊರಿಗೆ ಎರಡನೆಯ ಸಲ ಗಣಿ ಮುಚ್ಚಿದಂತಾಯಿತು. ಮಗ ಏಳು ತಿಂಗಳು ಸಂಬಳವಿಲ್ಲದೆ ಕುಳಿತ. ಇಷ್ಟು ದೂರದ ಕೆಲಸವನ್ನು ನಂಬಿ ಬದುಕಬಾರದು, ಊರಲ್ಲೇ ಏನಾದರೂ ಮಾಡಬೇಕು ಎಂಬ ಹಟ ಅವನಲ್ಲಿ ಹುಟ್ಟಿದ್ದು ಆಗ. ಆ ಹಟ ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ.

ನಿವೇಶನದ ತೀರ್ಮಾನ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಶ್ರೀಪೆರಂಬದೂರಿನವರೆಗೆ, ಮೂರು ರಾಜ್ಯಗಳನ್ನು ಹಾದು, ಸುಮಾರು 260 ಕಿಲೋಮೀಟರ್ ಉದ್ದಕ್ಕೆ ಹೊಸ ನೆಲದ ಮೇಲೆ ಕಟ್ಟುವ ರಸ್ತೆ. ಅದರಲ್ಲಿ ಕರ್ನಾಟಕದ ಪಾಲು ಸುಮಾರು 71 ಕಿಲೋಮೀಟರ್. ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಯಿಂದ ಸಾಗಿ ಕೆ.ಜಿ.ಎಫ್. ತಾಲ್ಲೂಕನ್ನು ದಾಟುತ್ತದೆ. 2022ರ ಮೇ ತಿಂಗಳಲ್ಲಿ ಪ್ರಧಾನಿ ಇದಕ್ಕೆ ಶಂಕುಸ್ಥಾಪನೆ ಮಾಡಿದ ಮೇಲೆ ಊರಿನ ಮಾತೇ ಬದಲಾಯಿತು. ಹಳೆಯ ಮದರಾಸು ರಸ್ತೆ ಕೋಲಾರ, ಮುಳಬಾಗಿಲಿನ ಮೇಲೆ ಹಾದುಹೋಗಿದ್ದರಿಂದ ಈ ಊರು ಎಂದೂ ಹೆದ್ದಾರಿಯ ಮೇಲೆ ಇರಲಿಲ್ಲ. ಈಗ ಎರಡು ಮಹಾನಗರಗಳ ನಡುವಿನ ದಾರಿ ನಮ್ಮ ಪಕ್ಕದಲ್ಲೇ ಬರುತ್ತದೆ, ಹೋಟೆಲು ಬರುತ್ತದೆ, ಗೋಡೌನು ಬರುತ್ತದೆ, ಕಾರ್ಖಾನೆ ಬರುತ್ತದೆ ಎಂದು ಟೀ ಅಂಗಡಿಗಳಲ್ಲಿ ಲೆಕ್ಕ ನಡೆಯುತ್ತಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಈ ಕುಟುಂಬ ‘ಹೈವೇ ಪಕ್ಕದ’ ಒಂದು ಖಾಸಗಿ ಬಡಾವಣೆಯಲ್ಲಿ ಇಪ್ಪತ್ತು–ಮೂವತ್ತರ ನಿವೇಶನಕ್ಕೆ ಮುಂಗಡ ಕೊಟ್ಟಿತು. ಒಟ್ಟು ಬೆಲೆ 4,20,000 ರೂಪಾಯಿ, ಮುಂಗಡ 2,00,000. ಅದರಲ್ಲಿ ಸೊಸೆಯ ಒಡವೆ ಅಡವಿಟ್ಟು ತಂದದ್ದು 1,10,000, ಸಂಘದ ಸಾಲ 50,000, ಕೈಯಲ್ಲಿದ್ದ ಉಳಿತಾಯ 40,000. ಆಗ ಮನೆಯ ತಿಂಗಳ ಆದಾಯ ಮಗನ ಸಂಬಳ, ಸೊಸೆಯ ಹೊಲಿಗೆ, ಅತ್ತೆಯ ಪಿಂಚಣಿ ಎಲ್ಲ ಸೇರಿ 23,000ದ ಆಸುಪಾಸು.

ಸಂಘದ ಸಾಲದ ಅರ್ಜಿಯಲ್ಲಿ ಉದ್ದೇಶದ ಕಡೆ ‘ನಿವೇಶನ ಮತ್ತು ಹೋಟೆಲ್’ ಎಂದು ಬರೆದಿತ್ತು. ನಾನು ಕೇಳಿದ್ದು ಕಂತು ಕಟ್ಟುವ ಶಕ್ತಿ ಇದೆಯೇ ಎಂಬ ಒಂದೇ ಪ್ರಶ್ನೆ. ಕೇಳಬೇಕಾಗಿದ್ದ ಪ್ರಶ್ನೆಗಳ ಉತ್ತರ ಬಡಾವಣೆಯವರು ಕೊಟ್ಟ ಬಣ್ಣದ ಹಾಳೆಯಲ್ಲೇ ಇತ್ತು, ಅಥವಾ ಅದರಲ್ಲಿ ಇಲ್ಲದಿದ್ದುದರಲ್ಲಿ ಇತ್ತು. ಆ ಹಾಳೆಯನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ. ಹಸಿರು ಚೌಕಗಳ ಸಾಲು, ಅದರ ಅಂಚಿಗೆ ಅಗಲವಾದ ಕಪ್ಪು ರಸ್ತೆ, ರಸ್ತೆಯ ಮೇಲೆ ಎರಡು ಕಾರಿನ ಚಿತ್ರ. ‘ಎಕ್ಸ್‌ಪ್ರೆಸ್‌ವೇಗೆ 200 ಅಡಿ’ ಎಂದು ಕೆಂಪಕ್ಷರದಲ್ಲಿತ್ತು. ಇನ್ನೂರು ಅಡಿ ನಿಜ. ಎಕ್ಸ್‌ಪ್ರೆಸ್‌ವೇಗೆ ಎರಡೂ ಬದಿಯಲ್ಲಿ ಬೇಲಿ ಇರುತ್ತದೆ, ಗೊತ್ತುಮಾಡಿದ ಇಂಟರ್‌ಚೇಂಜ್ ಬಿಟ್ಟು ಬೇರೆಲ್ಲೂ ಹತ್ತಲು ಇಳಿಯಲು ಆಗುವುದಿಲ್ಲ ಎಂಬುದು ಮಾತ್ರ ಚಿತ್ರದಲ್ಲಿ ಇರಲಿಲ್ಲ. ಆ ನಿವೇಶನದಿಂದ ಹತ್ತಿರದ ಇಂಟರ್‌ಚೇಂಜಿಗೆ ಊರೊಳಗಿನ ದಾರಿ ಹಿಡಿದು ಹೋಗಬೇಕು, ಆರು ಕಿಲೋಮೀಟರ್.

ಕಾಗದಪತ್ರವೂ ಹಾಗೇ ಇತ್ತು. ಪಹಣಿಯಲ್ಲಿ ಜಮೀನು ಇನ್ನೂ ಕೃಷಿ ಭೂಮಿ, ಇನ್ನೊಬ್ಬರ ಹೆಸರಿನಲ್ಲಿ. ಭೂಪರಿವರ್ತನೆ ಆಗಿರಲಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. ಕೈಗೆ ಸಿಕ್ಕಿದ್ದು ಸೊಸೆಯ ಹೆಸರಿನಲ್ಲಿ ಬರೆದ ಒಂದು ಅಗ್ರಿಮೆಂಟ್ ಮಾತ್ರ. ‘ಪರಿವರ್ತನೆಯಾದ ನಂತರ ನೋಂದಣಿ’ ಎಂದು ಅದರಲ್ಲಿತ್ತು, ಯಾವ ದಿನದೊಳಗೆ ಎಂದಿರಲಿಲ್ಲ.

ಹದಿನೆಂಟು ತಿಂಗಳ ಒಳ್ಳೆಯ ಕಾಲ

ಈ ಪ್ರಕರಣದಲ್ಲಿ ಅತಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಕುಟುಂಬಕ್ಕೆ ದೊಡ್ಡ ಪೆಟ್ಟು ಕೊಟ್ಟ ತೀರ್ಮಾನ ಹುಟ್ಟಿದ್ದು ಸೋಲಿನಿಂದಲ್ಲ, ಗೆಲುವಿನಿಂದ.

ನಿವೇಶನ ಕೈಗೆ ಬರುವವರೆಗೆ ಸುಮ್ಮನಿರುವುದೇಕೆ ಎಂದು 2023ರ ಫೆಬ್ರವರಿಯಲ್ಲಿ ಅತ್ತೆ, ಸೊಸೆ ಇಬ್ಬರೂ ಸೇರಿ ತಳ್ಳುಗಾಡಿಯಲ್ಲಿ ತಿಂಡಿ ವ್ಯಾಪಾರ ಶುರು ಮಾಡಿದರು. ಗಾಡಿ, ಒಲೆ, ಪಾತ್ರೆಗೆ 38,000 ಖರ್ಚು. ಅದನ್ನು ವಾರದ ಕಂತಿನ ಕಿರುಸಾಲದಿಂದ ಹೊಂದಿಸಿದರು. ರಸ್ತೆ ಕಾಮಗಾರಿಯ ಕಾರ್ಮಿಕರ ಶೆಡ್ಡುಗಳು ಹತ್ತಿರವೇ ಇದ್ದವು. ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದ ಎಪ್ಪತ್ತರಷ್ಟು ಹುಡುಗರು. ಮೊದಲ ವಾರ ಇಡ್ಲಿ ಉಳಿದುಹೋಯಿತು. ಎರಡನೆಯ ವಾರ ಸೊಸೆ ಒಬ್ಬ ಕಾರ್ಮಿಕನಿಂದಲೇ ದಪ್ಪ ರೊಟ್ಟಿ, ಆಲೂಗಡ್ಡೆ ಪಲ್ಯ ಮಾಡುವ ಬಗೆ ಕಲಿತಳು. ಮೂರನೆಯ ವಾರಕ್ಕೆ ಒಲೆಯ ಮುಂದೆ ಸಾಲು ನಿಂತಿತು. ದಿನದ ವಹಿವಾಟು 3,200ರಿಂದ 3,500, ಖರ್ಚು ಕಳೆದು ಕೈಗೆ 900ರ ಹತ್ತಿರ. ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದರೆ ಅದು ಮಗನ ಸಂಬಳಕ್ಕಿಂತ ಹೆಚ್ಚು. ಕಿರುಸಾಲ ಅವಧಿಗೆ ಮುಂಚೆಯೇ ತೀರಿತು. ಸಂಘದ ಸಭೆಯಲ್ಲಿ ನಾನೇ ಅವಳನ್ನು ಮಾದರಿ ಎಂದು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದೆ.

ಆ ಸಂಪಾದನೆಯನ್ನು ಎಲ್ಲರೂ ‘ರಸ್ತೆಯ ವ್ಯಾಪಾರ’ ಎಂದೇ ಕರೆದರು. ವಾಸ್ತವವಾಗಿ ಅದು ರಸ್ತೆ ಕಟ್ಟುವ ಕೆಲಸದ ವ್ಯಾಪಾರ. ಕಟ್ಟುವ ಕಾಲದಲ್ಲಿ ಜನ ಒಂದೇ ಕಡೆ ತಿಂಗಳುಗಟ್ಟಲೆ ಇರುತ್ತಾರೆ, ಮೂರು ಹೊತ್ತು ಉಣ್ಣುತ್ತಾರೆ, ಬೇರೆ ಅಂಗಡಿಗೆ ಹೋಗಲು ಅವರಿಗೆ ವಾಹನವಿಲ್ಲ. ರಸ್ತೆ ಮುಗಿದ ಮೇಲೆ ಬರುವವರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವವರು. ಇವೆರಡೂ ಒಂದೇ ಆದಾಯದ ಎರಡು ಹಂತಗಳೆಂದು ಭಾವಿಸಿ, ಮುಂದಿನದು ಹಿಂದಿನದಕ್ಕಿಂತ ದೊಡ್ಡದಾಗಿರುತ್ತದೆ ಎಂದು ಲೆಕ್ಕ ಹಾಕಿದ್ದೇ ಮೂಲ ತಪ್ಪು.

ನನಗೆ ಅನುಮಾನ ಬರಲಿಲ್ಲವೆಂದಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಮದ್ದೂರಿನ ವಡೆ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಗಿರಾಕಿಯಿಲ್ಲದೆ ಕುಳಿತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಬೈಪಾಸ್ ಆದ ಊರಿನೊಳಗೆ ಕಾರುಗಳು ಬರುವುದನ್ನೇ ಬಿಟ್ಟಿದ್ದವು. ಇದನ್ನು ಮಗನಿಗೆ ಹೇಳಿದಾಗ ಅವನು ಕೊಟ್ಟ ಉತ್ತರ ನನ್ನನ್ನು ಸುಮ್ಮನಾಗಿಸಿತು. ‘ಅವರಿಗೆ ಕಳಕೊಳ್ಳೋಕೆ ಹಳೇ ರೋಡು ಇತ್ತು ಮೇಡಂ. ನಮಗೆ ಏನಿತ್ತು? ನಮಗೆ ಬಂದದ್ದೆಲ್ಲಾ ಲಾಭವೇ.’ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಊರಿಗೆ ನಷ್ಟವಾಗದಿದ್ದರೂ ಸಾಲ ಮಾಡಿದವನಿಗೆ ನಷ್ಟವಾಗಬಹುದು ಎಂಬುದನ್ನು ಆಗ ನನಗೆ ವಿವರಿಸಿ ಹೇಳಲು ಆಗಲಿಲ್ಲ.

2024ರ ಜೂನ್‌ನಲ್ಲಿ ಅವನು ಕೆಲಸ ಬಿಟ್ಟ. ಇಂಟರ್‌ಚೇಂಜಿನಿಂದ ಊರಿಗೆ ಬರುವ ದಾರಿಯಲ್ಲಿ ತಗಡಿನ ಒಂದು ಶೆಡ್ ಬಾಡಿಗೆಗೆ ಹಿಡಿದ. ಅಡ್ವಾನ್ಸ್ 60,000, ಬಾಡಿಗೆ 3,500. ಫ್ರಿಜ್, ಮೇಜು ಕುರ್ಚಿ, ಫಲಕ ಎಲ್ಲ ಸೇರಿ ಖಾಸಗಿ ಫೈನಾನ್ಸ್‌ನಿಂದ 1,50,000 ಸಾಲ. ತಿಂಗಳಿಗೆ 9,800ರಂತೆ ಹದಿನೆಂಟು ಕಂತು. ಮನೆಯ ಪತ್ರವಿದ್ದಿದ್ದರೆ ಬ್ಯಾಂಕಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಬಡ್ಡಿಗೆ ಸಿಗುತ್ತಿತ್ತು.

ರಸ್ತೆ ತೆರೆದ ಮೇಲೆ

ಸೆಪ್ಟೆಂಬರಿನಲ್ಲಿ ಕಾರ್ಮಿಕರ ಶೆಡ್ಡುಗಳು ಖಾಲಿಯಾದವು. ಕೆಲಸ ಮುಂದಕ್ಕೆ ಸಾಗಿತ್ತು. ಹುಡುಗರು ಹೋಗುವ ದಿನ ಬಾಕಿಯನ್ನೆಲ್ಲ ತೀರಿಸಿ ಹೋದರು, ಒಬ್ಬನೂ ಹತ್ತು ರೂಪಾಯಿ ಉಳಿಸಲಿಲ್ಲ ಎಂದು ಸೊಸೆ ಹೇಳಿದ್ದಳು. ಮೂರು ತಿಂಗಳು ಬರೀ ಕೈಯಲ್ಲಿ ಕಂತು ಕಟ್ಟಿದರು. ಡಿಸೆಂಬರಿನಲ್ಲಿ ಹೊಸಕೋಟೆ ಬಳಿಯ ಜಿನ್ನಾಗರ ಕ್ರಾಸ್‌ನಿಂದ ಸುಂದರಪಾಳ್ಯದವರೆಗಿನ ಭಾಗ ಓಡಾಟಕ್ಕೆ ತೆರೆಯಿತು. ಜನವರಿಯಲ್ಲಿ ದಿನದ ವ್ಯಾಪಾರ 600ರಿಂದ 800; ಖರ್ಚು ಕಳೆದರೆ ಕೆಲವು ದಿನ ನೂರು ರೂಪಾಯಿಯೂ ಇಲ್ಲ. ಫೆಬ್ರವರಿ, ಮಾರ್ಚ್ ಎರಡು ಕಂತು ತಪ್ಪಿದವು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಅದೇ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿದ್ದರಿಂದಲೋ ಏನೋ, ಫೈನಾನ್ಸ್‌ನವರು ಮನೆ ಮುಂದೆ ಬಂದು ಗಲಾಟೆ ಮಾಡಲಿಲ್ಲ. ಫೋನು ಮಾತ್ರ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಸೊಸೆ ನನ್ನ ಬಳಿ ಬಂದದ್ದು ಆಗ.

ಯಾರ ತಪ್ಪು ಎಂಬ ಮಾತಿಗೆ ಹೋಗದೆ ಒಂದು ಕೆಲಸ ಮಾಡೋಣ ಎಂದೆ. ಒಂದು ಭಾನುವಾರ, ಒಂದು ಬುಧವಾರ, ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ನಾವು ಮೂವರೂ ಶೆಡ್ಡಿನ ಮುಂದೆ ಕುಳಿತು ಇಂಟರ್‌ಚೇಂಜಿನಿಂದ ಇಳಿದು ಬರುವ ವಾಹನಗಳನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದೆವು. ಭಾನುವಾರ ಇಳಿದವು 140ರ ಆಸುಪಾಸು. ಶೆಡ್ಡಿನ ಮುಂದೆ ನಿಂತವು ಹನ್ನೊಂದು. ಅದರಲ್ಲಿ ಏಳು ದಾರಿ ಕೇಳಲು ನಿಂತವು: ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಯಾವ ಕಡೆ, ಚೆನ್ನೈಗೆ ಮುಂದೆ ಹೇಗೆ ಹೋಗುವುದು, ವಾಪಸು ಬೆಂಗಳೂರಿಗೆ ಎಲ್ಲಿ ತಿರುಗಿಸುವುದು. ಉಳಿದ ನಾಲ್ಕರಲ್ಲಿ ಎರಡು ನೀರಿನ ಬಾಟಲಿ ಕೊಂಡವು. ತಿಂಡಿ ತಿಂದದ್ದು ಎರಡು ಕಾರಿನವರು. ಬುಧವಾರ ಇದಕ್ಕಿಂತ ಕಡಿಮೆ. ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಜಾಗವಿಲ್ಲದ್ದರಿಂದ, ಬೀದಿಬದಿಯಲ್ಲಿ ನಿಂತು ಟೀ ಕುಡಿಯುವ ಅಭ್ಯಾಸವುಳ್ಳವರೇ ಈ ದಾರಿಯಲ್ಲಿ ಬರುತ್ತಿರಲಿಲ್ಲ.

ಎಣಿಕೆಯ ಎರಡನೆಯ ಪುಟದಲ್ಲಿ ಇನ್ನೂ ಕಹಿಯಾದ ಒಂದು ಸಂಗತಿ ಇತ್ತು. ಇಳಿದು ಬರುತ್ತಿದ್ದವರಲ್ಲಿ ಹಲವರು ಇಳಿಯುತ್ತಿದ್ದುದು ರಸ್ತೆ ಮುಂದಕ್ಕೆ ಇನ್ನೂ ತೆರೆದಿಲ್ಲದ ಕಾರಣಕ್ಕೆ. ಆಂಧ್ರ, ತಮಿಳುನಾಡಿನ ಭಾಗಗಳು ಪೂರ್ತಿಯಾದ ದಿನ ಅವರೂ ಇಲ್ಲಿ ಇಳಿಯುವುದಿಲ್ಲ. ದಾರಿಹೋಕರಿಗೆ ಊಟ, ಶೌಚಾಲಯ, ಇಂಧನ ಒದಗಿಸುವ ತಂಗುದಾಣಗಳನ್ನು ಬೇಲಿಯ ಒಳಗೇ, ಟೆಂಡರ್ ಕರೆದು, ದೊಡ್ಡ ಬಂಡವಾಳದವರಿಗೆ ಕೊಡುತ್ತಾರೆ. ಅಂದರೆ ರಸ್ತೆ ಪೂರ್ತಿಯಾದಷ್ಟೂ ಈ ಶೆಡ್ಡಿನ ಗಿರಾಕಿ ಕಡಿಮೆಯಾಗುವುದೇ ಹೆಚ್ಚು ಸಂಭವ. ಮಗ ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದ.

ಏಪ್ರಿಲ್ ತಿಂಗಳ ಮಾತುಕತೆ

ಲೆಕ್ಕ ಕಣ್ಣ ಮುಂದಿದ್ದರೂ ಮಗ ಒಪ್ಪಲಿಲ್ಲ. ಇನ್ನು ಆರು ತಿಂಗಳು ನೋಡೋಣ ಎಂಬುದು ಅವನ ಮಾತು. ಅದಕ್ಕೆ ಆಧಾರವಿಲ್ಲದಿರಲಿಲ್ಲ. ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯಲು, ಹದಿಮೂರು ದಿಬ್ಬಗಳ ಸುಮಾರು ಸಾವಿರ ಎಕರೆಗೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು; ಗಣಿಯ ಹೆಚ್ಚುವರಿ ಭೂಮಿಯಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಪ್ರಸ್ತಾವವೂ ಓಡಾಡುತ್ತಿತ್ತು. ಅವೆಲ್ಲ ಬಂದರೆ ಇಂಟರ್‌ಚೇಂಜಿನ ದಾರಿಯಲ್ಲಿ ಲಾರಿ, ಕಾರ್ಮಿಕರು, ಗುಮಾಸ್ತರು ಓಡಾಡುತ್ತಾರೆ, ಈ ಶೆಡ್ಡಿಗೆ ಬೆಲೆ ಬರುತ್ತದೆ ಎಂಬುದು ಅವನ ವಾದ. ಬರುವುದೇ ಇಲ್ಲ ಎಂದು ನಾನೂ ಹೇಳಲಾರೆ. ಆದರೆ ತಿಂಗಳಿಗೆ 9,800 ಕಂತು, 3,500 ಬಾಡಿಗೆ, ಒಡವೆಯ ಬಡ್ಡಿ ಇವು ಯಾವ ಪ್ರಸ್ತಾವಕ್ಕೂ ಕಾಯುವುದಿಲ್ಲ. ಮಾತು ಎರಡು ಸಂಜೆ ಅಲ್ಲಲ್ಲೇ ಸುತ್ತಿತು.

ಅದನ್ನು ಮುಗಿಸಿದವರು ಅತ್ತೆ. ಅಷ್ಟು ಹೊತ್ತು ಹೊಸ್ತಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದ ಅವರು ತಲೆ ಎತ್ತದೆಯೇ, ‘ನಿಮ್ಮಪ್ಪನೂ ಹೀಗೇ ಹೇಳ್ತಿದ್ರು. ಇನ್ನು ಆರು ತಿಂಗಳು, ಇನ್ನು ಆರು ತಿಂಗಳು. ಹನ್ನೆರಡು ವರ್ಷ ಆಯ್ತು’ ಎಂದರು. ಆ ಮನೆಯಲ್ಲಿ ಯಜಮಾನರ ಬಗ್ಗೆ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ ಎಂದು ಸೊಸೆ ಆಮೇಲೆ ನನಗೆ ಹೇಳಿದಳು. ಮಗ ಎದ್ದು ಹೊರಗೆ ಹೋದ. ಮರುದಿನ ಬೆಳಿಗ್ಗೆ ಶೆಡ್ಡಿನ ಮಾಲೀಕರಿಗೆ ತಾನೇ ಫೋನು ಮಾಡಿ ಬಿಡುತ್ತೇನೆಂದು ತಿಳಿಸಿದ.

ಆಮೇಲಿನ ಕೆಲಸಗಳು ಬೇಗ ಬೇಗ ಆದವು. ಎರಡು ತಿಂಗಳ ಬಾಡಿಗೆ ಬಾಕಿ ಹಿಡಿದುಕೊಂಡು ಶೆಡ್ಡಿನವರು 53,000 ಹಿಂದಿರುಗಿಸಿದರು. ಫ್ರಿಜ್, ಮೇಜು ಮಾರಿ 14,000 ಬಂತು. ಆ 67,000ವನ್ನೂ ಒಟ್ಟಿಗೆ ಫೈನಾನ್ಸ್‌ಗೆ ಕಟ್ಟಿ, ಉಳಿದ 40,800ನ್ನು ತಿಂಗಳಿಗೆ 5,100ರಂತೆ ಎಂಟು ಕಂತಿಗೆ ಇಳಿಸಿ, ದಂಡದ ಬಡ್ಡಿ ಬಿಡುವಂತೆ ಕೇಳಿಕೊಂಡೆವು. ಒಟ್ಟಿಗೆ ಹಣ ಇಟ್ಟು ಕೇಳಿದ್ದರಿಂದ ಒಪ್ಪಿದರು. ಕೈಯಲ್ಲಿ ಹಣವಿಲ್ಲದೆ ಇದೇ ಮಾತನ್ನು ಮಾರ್ಚ್‌ನಲ್ಲಿ ಕೇಳಿದಾಗ ಒಪ್ಪಿರಲಿಲ್ಲ.

ನಿವೇಶನದ ಬಾಕಿ ಕಟ್ಟದೆ ಮುಂಗಡ ವಾಪಸು ಕೇಳುವುದೆಂದು ತೀರ್ಮಾನವಾಯಿತು. ಅಗ್ರಿಮೆಂಟ್ ಸೊಸೆಯ ಹೆಸರಿನಲ್ಲಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು: ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಸಮಿತಿಯಿಂದ ವಕೀಲರ ನೆರವು ಉಚಿತ. ನೋಟಿಸು ಹೋದ ಮೇಲೆ ಬಡಾವಣೆಯವರು ಮಾತಿಗೆ ಬಂದು 1,40,000ಕ್ಕೆ ಒಪ್ಪಿದರು, ಎರಡು ಚೆಕ್ಕುಗಳಲ್ಲಿ. ಅರವತ್ತು ಸಾವಿರ ಹೋಯಿತು. ನ್ಯಾಯಾಲಯಕ್ಕೆ ಹೋಗಿ ಪೂರ್ತಿ ಪಡೆಯಬಹುದಿತ್ತೆಂದು ವಕೀಲರು ಹೇಳಿದರು. ಎಷ್ಟು ವರ್ಷ ಎಂದು ಅತ್ತೆ ಕೇಳಿದಾಗ ಅವರು ಉತ್ತರಿಸಲಿಲ್ಲ.

ಇನ್ನು ದುಡಿಮೆ. ಸೊಸೆ ಗಾಡಿಯನ್ನು ರೈಲು ನಿಲ್ದಾಣದ ದಾರಿಗೆ ತಂದಳು. ನಸುಕಿನ ನಾಲ್ಕೂವರೆಯಿಂದ ಆರೂವರೆಯವರೆಗೆ ಮಾತ್ರ ವ್ಯಾಪಾರ. ಇಡ್ಲಿ ಅಥವಾ ಚಿತ್ರಾನ್ನದ ಪೊಟ್ಟಣ ಮೂವತ್ತು ರೂಪಾಯಿ, ದಿನಕ್ಕೆ ನಲವತ್ತೈದರ ಹತ್ತಿರ ಹೋಗುತ್ತದೆ, ಕೈಗೆ 550 ಉಳಿಯುತ್ತದೆ. ಗಿರಾಕಿಗಳೆಲ್ಲ ಅವಳ ಗಂಡನ ಜೊತೆ ಹದಿನೈದಿಪ್ಪತ್ತು ವರ್ಷ ಒಂದೇ ಬೋಗಿಯಲ್ಲಿ ಹೋಗಿಬಂದವರು. ಅರ್ಧದಷ್ಟು ಜನ ಲೆಕ್ಕ ಬರೆಸಿ ಸಂಬಳದ ವಾರ ಕೊಡುತ್ತಾರೆ. ಈ ಗಿರಾಕಿ ಎಂದಿನಿಂದಲೂ ಇಲ್ಲೇ ಇದ್ದ. ಯಾವ ಬಣ್ಣದ ಹಾಳೆಯಲ್ಲೂ ಅವನ ಚಿತ್ರ ಇರಲಿಲ್ಲವಾದ್ದರಿಂದ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಗನಿಗೆ ರಸ್ತೆಯೇ ಕೆಲಸ ಕೊಟ್ಟಿತು, ಅವನು ಎಣಿಸಿದ್ದ ಬಗೆಯಲ್ಲಿ ಮಾತ್ರ ಅಲ್ಲ. ಹೊಸಕೋಟೆ ಬದಿಯ ಒಂದು ಗೋಡೌನಿನಲ್ಲಿ 17,800 ಸಂಬಳಕ್ಕೆ ಸೇರಿದ. ಅದೇ ಕಡೆಗೆ ಹೋಗುವ ಹನ್ನೊಂದು ಜನ ಸೇರಿ ಒಂದು ಹಳದಿ ಬೋರ್ಡಿನ ವ್ಯಾನ್ ಗೊತ್ತುಮಾಡಿಕೊಂಡಿದ್ದಾರೆ. ತಲೆಗೆ ತಿಂಗಳಿಗೆ 2,600. ಐದೂ ಹತ್ತಕ್ಕೆ ಹೊರಟರೆ ಎಕ್ಸ್‌ಪ್ರೆಸ್‌ವೇ ಹಿಡಿದು ಆರೂವರೆಯೊಳಗೆ ಗೋಡೌನಿನಲ್ಲಿ. ಸಂಜೆ ಐದೂವರೆಗೆಲ್ಲ ಮನೆಯಲ್ಲಿ. ರೈಲಿನ ಪಾಸಿಗೆ ಹೋಲಿಸಿದರೆ ಖರ್ಚು ಬಹಳ ಹೆಚ್ಚು, ಆದರೆ ದಿನಕ್ಕೆ ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತದೆ. ಮಕ್ಕಳು ಎಚ್ಚರವಿರುವಾಗ ಮನೆಗೆ ಬರುವುದು ಇದೇ ಮೊದಲು ಎಂದು ಅವನೇ ಹೇಳಿದ.

ಈ ಪ್ರಕರಣದಿಂದ ತಿಳಿಯುವುದು

ಸಾಲದ ಅರ್ಜಿ ನೋಡುವ ನಮ್ಮಂಥವರಿಗೆ ಇದರಲ್ಲಿ ಮೊದಲ ಪಾಠವಿದೆ. ‘ಹೆದ್ದಾರಿಯ ವ್ಯಾಪಾರ’ ಎಂದು ಯಾರಾದರೂ ಬರೆದಾಗ, ಹಣ ಕೊಡುವವನು ರಸ್ತೆ ಕಟ್ಟುವವನೋ, ರಸ್ತೆಯಲ್ಲಿ ಹೋಗುವವನೋ, ರಸ್ತೆ ಹಿಡಿದು ಊರಿನಿಂದ ಹೊರಗೆ ದುಡಿಯಲು ಹೋಗುವವನೋ ಎಂದು ಬಿಡಿಸಿ ಕೇಳಬೇಕು. ಈ ಕುಟುಂಬಕ್ಕೆ ಮೊದಲನೆಯವನಿಂದ ಒಳ್ಳೆಯ ಆದಾಯ ಬಂತು, ಮೂರನೆಯವನಾಗಿ ಮಗನಿಗೆ ಅನುಕೂಲವಾಯಿತು. ದೊಡ್ಡ ಸಾಲಗಳನ್ನು ಮಾಡಿದ್ದು ಎರಡನೆಯವನ ಮೇಲೆ. ಎಣಿಕೆಗೆ ಬೇಕಾದದ್ದು ಎರಡು ಬೆಳಗಿನ ಹೊತ್ತು, ಒಂದು ನೋಟ್‌ಬುಕ್. ಶೆಡ್ ಹಿಡಿಯುವ ಮೊದಲು, ಆಗಲೇ ತೆರೆದಿದ್ದ ಬೇರೆ ಯಾವುದಾದರೂ ಎಕ್ಸ್‌ಪ್ರೆಸ್‌ವೇಯ ಇಂಟರ್‌ಚೇಂಜಿನಲ್ಲಿ ಹೋಗಿ ಕುಳಿತಿದ್ದರೆ ಅದೇ ಉತ್ತರ ಸಿಗುತ್ತಿತ್ತು.

ಎರಡನೆಯದು ನೆಲದ ಮಾತು, ನನ್ನ ಮಟ್ಟಿಗೆ ಇದೇ ದೊಡ್ಡದು. ಹೆದ್ದಾರಿ ಬಂದಾಗ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಖಚಿತವಾಗಿ ಏರುವುದು ಭೂಮಿಯ ಬೆಲೆ. ಅದು ಭೂಮಿ ಇದ್ದವರಿಗೆ ಸಲ್ಲುತ್ತದೆ. ಸುತ್ತಲ ಹಳ್ಳಿಗಳ ಜಮೀನುದಾರರಿಗೆ ಪರಿಹಾರ ಬಂತು, ಉಳಿದ ಜಮೀನಿಗೆ ಬೆಲೆ ಬಂತು. ನೂರು ವರ್ಷ ಇದೇ ನೆಲದ ಅಡಿಯಲ್ಲಿ ಬೆವರು ಸುರಿಸಿದವರ ಮಕ್ಕಳ ಹೆಸರಿನಲ್ಲಿ ನೆಲದ ಮೇಲೆ ಒಂದು ಗುಂಟೆಯೂ ಇಲ್ಲದ್ದರಿಂದ, ಅವರು ಆ ಏರಿಕೆಯನ್ನು ಕೊಳ್ಳುವವರಾಗಿಯೇ, ಅದೂ ಸಾಲದಲ್ಲಿ, ಎದುರಿಸಬೇಕಾಯಿತು. ಇಂಥ ಊರಿಗೆ ರಸ್ತೆ ಕೊಡುವ ಸರ್ಕಾರ ಅದಕ್ಕೂ ಮುಂಚೆ ಲೈನ್ ಮನೆಗಳ ಹಕ್ಕುಪತ್ರ ಕೊಟ್ಟಿದ್ದರೆ, ಇದೇ ಹುಡುಗ ಬ್ಯಾಂಕಿನ ಬಾಗಿಲಿಗೆ ಹೋಗುತ್ತಿದ್ದ. ಸೋತಿದ್ದರೂ ಸೋಲು ಇಷ್ಟು ದುಬಾರಿಯಾಗುತ್ತಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಮೊದಲ ಚೆಕ್ಕಿನ 70,000 ಬಂದು ಒಡವೆಯಲ್ಲಿ ಸರ, ಎರಡು ಬಳೆ ಬಿಡಿಸಿಕೊಂಡಾಗಿದೆ. ಓಲೆ ಇನ್ನೂ ಅಡವಿನಲ್ಲೇ ಇದೆ, ಎರಡನೆಯ ಚೆಕ್ಕಿನ ದಿನ ಬಂದಿಲ್ಲ. ಫೈನಾನ್ಸ್‌ನ ಕಂತುಗಳು ತಪ್ಪದೆ ಹೋಗುತ್ತಿವೆ. ಹಕ್ಕುಪತ್ರದ ಅರ್ಜಿಗೆ ಅತ್ತೆ ಈ ಸಲ ಗಂಡನ ಸೇವಾ ಪುಸ್ತಕದ ನಕಲು, ಹಳೆಯ ರೇಷನ್ ಕಾರ್ಡು, ವಿದ್ಯುತ್ ಬಿಲ್ಲುಗಳನ್ನು ಜೋಡಿಸಿ ಮತ್ತೊಮ್ಮೆ ಕೊಟ್ಟಿದ್ದಾರೆ. ಸ್ವೀಕೃತಿಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದಿಬ್ಬದ ಧೂಳು ತಾಗದ ಹಾಗೆ, ಅಕ್ಕಿ ಡಬ್ಬದ ಒಳಗೆ ಇಟ್ಟಿದ್ದಾರೆ.